ಕೋಟಿಗಟ್ಟಲೆ ಸಂಬಳದ ಫುಟ್‌ಬಾಲ್ ಆಟಗಾರರು ಅದಕ್ಕೆ ತಕ್ಕಂತೆ ಆಡುತ್ತಾರಾ?

ಇಡೀ ತಂಡದ ಲೆಕ್ಕ ಹಿಡಿದರೆ ಹೌದು. ಯುರೋಪಿನ ಲೀಗ್‌ಗಳಲ್ಲಿ ಸಂಬಳಕ್ಕೆ ಜಾಸ್ತಿ ಸುರಿಯುವ ಕ್ಲಬ್‌ಗಳೇ ಹೆಚ್ಚಾಗಿ ಅಂಕಪಟ್ಟಿಯ ಮೇಲ್ಭಾಗದಲ್ಲಿರುತ್ತವೆ. 2016ರಲ್ಲಿ ಸಂಬಳಕ್ಕೆ ಕಡಿಮೆ ಖರ್ಚು ಮಾಡುತ್ತಿದ್ದ ಲೆಸ್ಟರ್ ಸಿಟಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಾಗ ಎಲ್ಲರೂ ಬೆರಗಾಗಿದ್ದು ಅದಕ್ಕೇ.

ಒಬ್ಬೊಬ್ಬರನ್ನೇ ನೋಡಿದರೆ ಎಷ್ಟೋ ಸಲ ಇಲ್ಲ. ಸಂಬಳ ನಿಗದಿಯಾಗುವುದು ಹಿಂದಿನ ಆಟ ನೋಡಿ, ಆದರೆ ಆಡಬೇಕಾಗಿರುವುದು ಮುಂದೆ ಅಲ್ವಾ? ಚಿಲಿಯ ಮುಂಪಡೆ ಆಟಗಾರ ಅಲೆಕ್ಸಿಸ್ ಸಾಂಚೆಝ್ 2018ರಲ್ಲಿ ಭಾರಿ ಸಂಬಳಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಸೇರಿದರು. 45 ಪಂದ್ಯ, ಬರೀ 5 ಗೋಲು. ಬ್ರೆಜಿಲ್‌ನ ನೇಮಾರ್ 2023ರಲ್ಲಿ ಸೌದಿಯ ಅಲ್ ಹಿಲಾಲ್ ಕ್ಲಬ್‌ಗೆ ಹೋದರು. ಮೊಣಕಾಲಿಗೆ ಪೆಟ್ಟಾಗಿ ಆಡಿದ್ದು 7 ಪಂದ್ಯ ಮಾತ್ರ. ಇದನ್ನು ಸೋಮಾರಿತನ ಅನ್ನಬೇಡಿ. ಗಾಯ ಯಾರ ಕೈಯಲ್ಲೂ ಇಲ್ಲ.

ಸುಮ್ನೆ ಗೋಲು ಎಣಿಸಿ ಬೆಲೆ ಕಟ್ಟುವುದೂ ತಪ್ಪು. ನಮ್ಮ ಬೆಳಗಾವಿಯ ಟಿಳಕವಾಡಿಯಲ್ಲಿ ಲೇಲೆ ಮೈದಾನಕ್ಕೆ ಮಳೆಗಾಲದ ಸಂಜೆ ಬಂದು ನೋಡಿ. ಗೋಲು ಹೊಡೆದ ಹುಡುಗನನ್ನು ಎಲ್ಲರೂ ಎತ್ತಿ ಕುಣಿಸುತ್ತಾರೆ. ಅದಕ್ಕೂ ಮೊದಲು ಕೆಸರಲ್ಲಿ ಜಾರಿ ಬಿದ್ದು, ಎದುರಾಳಿಯ ಕಾಲಿಂದ ಚೆಂಡು ಕಿತ್ತು ಪಾಸ್ ಕೊಟ್ಟವನು ಮಂಡಿಯ ಮಣ್ಣು ಒರೆಸಿಕೊಳ್ಳುತ್ತಾ ನಿಂತಿರುತ್ತಾನೆ. 2016ರಲ್ಲಿ ಗೆದ್ದ ಲೆಸ್ಟರ್‌ಗೆ ಮಿಡ್‌ಫೀಲ್ಡರ್ ಎಂಗೊಲೊ ಕಾಂಟೆ ಮಾಡಿದ್ದೂ ಇದೇ ಕೆಲಸ. ಆ ಸಲದ ಲೀಗ್‌ನಲ್ಲಿ ಅವರದು ಒಂದೇ ಗೋಲು. ಆದರೂ ಅವರಿಲ್ಲದೆ ಲೆಸ್ಟರ್ ಗೆಲ್ಲುತ್ತಿರಲಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಕ್ಲಬ್‌ಗಳಿಗೆ ದುಡ್ಡು ಬರುವುದು ಟಿವಿ ಹಕ್ಕು, ಜಾಹೀರಾತು, ಟಿಕೆಟ್‌ಗಳಿಂದ. ಜನ ನೋಡುವುದು ಆಟಗಾರರನ್ನೇ. ಹಾಗಾಗಿ ಅದರಲ್ಲಿ ದೊಡ್ಡ ಪಾಲು ಅವರಿಗೆ ಹೋಗುವುದು ನನಗೆ ಸರಿ ಅನ್ನಿಸುತ್ತದೆ.