ಸುವರ್ಣ ಯುಗ ಬೇಡ, ಆ ಸೋಮವಾರ ಕೊಡಿ

ನಮಸ್ಕಾರ.

ನಿಮ್ಮ 'ಐವತ್ತರ ದಶಕ: ಅಮೆರಿಕದ ಸುವರ್ಣ ಯುಗ' ಲೇಖನ ತಲುಪಿ ಮೂರು ವಾರ ಆಯಿತು. ಉತ್ತರ ತಡವಾಯಿತು, ಕ್ಷಮಿಸಿ. ಕೈಬರಹದ ಹದಿನಾಲ್ಕು ಪುಟ, ಎಲ್ಲೂ ಚಿತ್ತಿಲ್ಲ, ಅಂಚು ಬಿಟ್ಟು ನೀಟಾಗಿ ಬರೆದಿದ್ದೀರಿ. ಈಗ ಇಂಥ ಹಸ್ತಪ್ರತಿ ಬರುವುದೇ ಅಪರೂಪ. ಅದಕ್ಕೇ ಎರಡು ಸಲ ಓದಿದೆ.

ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಹನ್ನೊಂದನೇ ಪುಟದಲ್ಲಿ, ಕೆಳಗಿನಿಂದ ಆರನೇ ಸಾಲು. ನೀವೇ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಅಲ್ಲಿಗೆ ಆಮೇಲೆ ಬರೋಣ.

ಮೊದಲ ವಾಕ್ಯ: 'ಕಾಲಚಕ್ರ ಉರುಳುತ್ತಲೇ ಇರುತ್ತದೆ.' ಈ ಚಕ್ರ ನಮ್ಮ ಕಚೇರಿಗೆ ವಾರಕ್ಕೆ ನಾಲ್ಕು ಸಲವಾದರೂ ಉರುಳಿಕೊಂಡು ಬರುತ್ತದೆ. ಆಮೇಲೆ ಯುದ್ಧ ಮುಗಿದದ್ದು, ಸೈನಿಕರು ಮನೆಗೆ ಬಂದದ್ದು, ಮಕ್ಕಳು ಹುಟ್ಟಿದ್ದು, ಕಾರು, ಫ್ರಿಜ್ಜು, ಹೆದ್ದಾರಿ, ಡಿಸ್ನಿಲ್ಯಾಂಡ್, ಎಲ್ವಿಸ್ ಪ್ರೀಸ್ಲಿ, ಹ್ಯಾಂಬರ್ಗರ್, ಸ್ಪುಟ್ನಿಕ್. ಎಲ್ಲಾ ಇದೆ. ಇಸವಿಗಳೂ ಹೆಚ್ಚುಕಡಿಮೆ ಸರಿ. ಆದರೆ ಸಂತೆಯಿಂದ ಬಂದವರು ಚೀಲವನ್ನು ನಡುಮನೆಯಲ್ಲಿ ಸುರಿದ ಹಾಗಿದೆ. ಇವತ್ತು ಏನು ಅಡುಗೆ ಅಂತ ಗೊತ್ತಾಗುವುದಿಲ್ಲ. 'ಸುವರ್ಣ ಯುಗ' ಅನ್ನುವ ಮಾತು ಹನ್ನೊಂದು ಸಲ ಬಂದಿದೆ. ಎಣಿಸಿದೆ, ಅದು ನನ್ನ ಚಾಳಿ.

ಐದನೇ ಪುಟದಲ್ಲಿ ಸ್ವಲ್ಪ ಜೀವ ಬರುತ್ತದೆ. ಅಲ್ಲಿ ಒಂದು ಮನೆಯನ್ನು ಕಲ್ಪಿಸಿದ್ದೀರಿ. 1953ರ ಜನವರಿ 19, ಸೋಮವಾರ, ರಾತ್ರಿ ಒಂಬತ್ತು ಗಂಟೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸೋಫಾದ ಮೇಲೆ. ತೊಡೆಯ ಮೇಲೆ ಟಿವಿ ಡಿನ್ನರ್ ತಟ್ಟೆ. ಪರದೆಯಲ್ಲಿ 'ಐ ಲವ್ ಲೂಸಿ' ಅನ್ನುವ ಹಾಸ್ಯ ಧಾರಾವಾಹಿ, ಅದರ ನಾಯಕಿ ಲೂಸಿಲ್ ಬಾಲ್ ಅವರ ಕೆಂಪು ಕೂದಲು ಹೊಳೆಯುತ್ತಿದೆ. 'ಇಡೀ ಅಮೆರಿಕ ಅಂದು ಟಿವಿಯ ಮುಂದೆ ಕೂತಿತ್ತು' ಅಂತ ಮುಗಿಸಿದ್ದೀರಿ.

ದಿನವನ್ನು ಚೆನ್ನಾಗಿ ಆರಿಸಿದ್ದೀರಿ. ಉಳಿದದ್ದರಲ್ಲಿ ಮೂರು ತಪ್ಪಿದೆ.

ಕೂದಲು ಕೆಂಪಗಿದ್ದದ್ದು ನಿಜ, ಆದರೆ ಆ ಮನೆಯವರಿಗೆ ಅದು ಕಂಡಿರುವುದು ಬೂದು ಬಣ್ಣದಲ್ಲಿ. ಕಾರ್ಯಕ್ರಮ ಕಪ್ಪು ಬಿಳುಪು. ಕೊನೆಗೆ ಉಳಿದುಕೊಂಡ ಬಣ್ಣದ ಟಿವಿ ಪದ್ಧತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದೇ ಆ ವರ್ಷದ ಡಿಸೆಂಬರಿನಲ್ಲಿ. ಮರುವರ್ಷ ಆರ್‌ಸಿಎ ಕಂಪನಿ ತಂದ ಬಣ್ಣದ ಪೆಟ್ಟಿಗೆಗೆ 1,000 ಡಾಲರ್ ಬೆಲೆ. ಸುಮ್ನೆ ತಪ್ಪು ಹುಡುಕುತ್ತಿಲ್ಲ. ಬಣ್ಣ ಇಲ್ಲದ ಆ ಕೂದಲನ್ನು ಕೋಟ್ಯಂತರ ಜನ ಮನಸ್ಸಿನಲ್ಲೇ ಕೆಂಪು ಮಾಡಿಕೊಂಡು ನೋಡಿದರಲ್ಲ, ಅದು ನಿಮ್ಮ 'ಹೊಳೆಯುವ ಕೂದಲು'ಗಿಂತ ಎಷ್ಟೋ ಚೆನ್ನಾಗಿದೆ.

ಇನ್ನು ಟಿವಿ ಡಿನ್ನರ್, ಅಂದರೆ ಬಿಸಿ ಮಾಡಿ ತಿನ್ನುವ ಸಿದ್ಧ ಊಟ. ಅಲ್ಯೂಮಿನಿಯಂ ತಟ್ಟೆ, ಅದರಲ್ಲಿ ಗೋಡೆ ಎದ್ದ ಮೂರು ಗುಳಿ. ಒಂದರಲ್ಲಿ ಟರ್ಕಿ ಕೋಳಿ, ಒಂದರಲ್ಲಿ ಬಟಾಣಿ, ಒಂದರಲ್ಲಿ ಗೆಣಸು. 98 ಸೆಂಟ್. ಸ್ವಾನ್ಸನ್ ಕಂಪನಿ ಇದನ್ನು ಆ ಹೆಸರಿನಲ್ಲಿ ಮಾರಲು ಶುರು ಮಾಡಿದ್ದು 1953ರ ಕೊನೆಗೆ, ಊರೂರಿಗೂ ಹಬ್ಬಿದ್ದು 1954ರಲ್ಲಿ. ನಿಮ್ಮ ಕುಟುಂಬ ಜನವರಿಯಲ್ಲೇ ತಿಂದು ಮುಗಿಸಿದೆ.

ದೊಡ್ಡ ತಪ್ಪು 'ಇಡೀ ಅಮೆರಿಕ'. 1950ರಲ್ಲಿ ನೂರು ಮನೆಗಳಲ್ಲಿ ಒಂಬತ್ತರಲ್ಲಿ ಮಾತ್ರ ಟಿವಿ ಇತ್ತು. 1960ಕ್ಕೆ ಅದು 87 ಆಯಿತು. ಅಲ್ಲಿಯವರೆಗೆ ಇಂಥ ಓಟ ಬೇರೆ ಯಾವ ಯಂತ್ರವೂ ಓಡಿರಲಿಕ್ಕಿಲ್ಲ. ಆದರೆ 1953ರ ಜನವರಿ ಆ ಓಟದ ನಡುವೆ ಇದೆ. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಪೆಟ್ಟಿಗೆಯೇ ಇರಲಿಲ್ಲ. 1948ರ ಸೆಪ್ಟೆಂಬರಿನಿಂದ 1952ರ ಏಪ್ರಿಲ್‌ವರೆಗೆ ಹೊಸ ಟಿವಿ ಕೇಂದ್ರಗಳಿಗೆ ಸರ್ಕಾರ ಲೈಸೆನ್ಸನ್ನೇ ಕೊಟ್ಟಿರಲಿಲ್ಲ. ಡೆನ್ವರ್‌ನಂಥ ಊರಿಗೆ ಮೊದಲ ಕೇಂದ್ರ ಬಂದದ್ದು 1952ರ ಜುಲೈನಲ್ಲಿ. ಅಂದರೆ ನಿಮ್ಮ ಆ ರಾತ್ರಿಗೆ ಅಲ್ಲಿನವರ ಪಾಲಿಗೆ ಟಿವಿ ಆರು ತಿಂಗಳ ಕೂಸು.

ಅಷ್ಟಾದರೂ ಆ ರಾತ್ರಿ ಸುಮಾರು 4 ಕೋಟಿ 40 ಲಕ್ಷ ಜನ ಲೂಸಿಯನ್ನು ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡದ್ದನ್ನು ನೋಡಿದ್ದು ಸುಮಾರು 2 ಕೋಟಿ 90 ಲಕ್ಷ. ಯುದ್ಧ ಗೆದ್ದ ಜನರಲ್‌ನನ್ನು ಒಬ್ಬ ಹಾಸ್ಯನಟಿ ಹೆರಿಗೆಗೆ ಹೋಗಿ ಸೋಲಿಸಿದಳು! ಇದನ್ನು ನೀವು ಬರೆದೇ ಇಲ್ಲ. ಕಥೆಯಲ್ಲಿ ಲೂಸಿಗೆ ಗಂಡು ಮಗು ಆಯಿತು. ಅದೇ ದಿನ ಬೆಳಿಗ್ಗೆ ಲಾಸ್ ಏಂಜಲೀಸ್‌ನಲ್ಲಿ ಲೂಸಿಲ್ ಬಾಲ್ ಅವರಿಗೂ ಆಪರೇಷನ್ ಆಗಿ ಗಂಡು ಮಗು ಹುಟ್ಟಿತ್ತು. ಕಂತನ್ನು ತಿಂಗಳುಗಳ ಮೊದಲೇ ಚಿತ್ರೀಕರಿಸಿ ಇಟ್ಟಿದ್ದರು, ಆಪರೇಷನ್‌ಗೂ ಮೊದಲೇ ದಿನ ಗೊತ್ತು ಮಾಡಿದ್ದರು. ಸುದ್ದಿ ಎಲ್ಲಿ ಮುಗಿಯಿತು, ಮನರಂಜನೆ ಎಲ್ಲಿ ಶುರುವಾಯಿತು, ಹೇಳಿ ನೋಡೋಣ. ನೀವು ಎರಡಕ್ಕೂ ಬೇರೆ ಬೇರೆ ಉಪಶೀರ್ಷಿಕೆ ಕೊಟ್ಟಿದ್ದೀರಿ.

ಇದೇ ಜಾಗದಲ್ಲಿ ಭಾಷೆಯ ಮಾತೂ ಒಂದಿದೆ. ಆ ಕಾರ್ಯಕ್ರಮದಲ್ಲಿ 'ಬಸುರಿ' ಅನ್ನುವ ಇಂಗ್ಲಿಷ್ ಪದ ಬಳಸಲು ಅದನ್ನು ಪ್ರಸಾರ ಮಾಡುತ್ತಿದ್ದ ಸಿಬಿಎಸ್ ಟಿವಿ ಕಂಪನಿ ಬಿಡಲಿಲ್ಲ. ಚಿತ್ರಕಥೆಯನ್ನು ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ಗುರು ಓದಿ ನೋಡುತ್ತಿದ್ದರು. ಬದಲಿಗೆ ಬಳಸಿದ 'ಎಕ್ಸ್‌ಪೆಕ್ಟಿಂಗ್' ಅನ್ನುವ ಸಭ್ಯ ಪದವನ್ನು ನೀವು 'ಅವಳು ನಿರೀಕ್ಷಿಸುತ್ತಿದ್ದಾಳೆ' ಅಂತ ಕನ್ನಡಕ್ಕೆ ತಂದಿದ್ದೀರಿ. ಏನನ್ನು, ಬಸ್ಸನ್ನಾ? ನಮ್ಮಲ್ಲಿ ಹೆಂಗಸರು ಇದನ್ನು ಎಷ್ಟು ಸಲೀಸಾಗಿ ಕೇಳುತ್ತಾರೆ: 'ಏನಾದ್ರೂ ವಿಶೇಷಾನಾ?' ಆ 'ವಿಶೇಷ'ವನ್ನು ಇಲ್ಲಿ ಹಾಕಿ. ಆ ಕಾಲದ ನಾಚಿಕೆ ಪೂರ್ತಿ ಅದರಲ್ಲಿ ಬಂದುಬಿಡುತ್ತದೆ. ಪದ ಬೇಡ ಅಂದ ಆ ಕಾರ್ಯಕ್ರಮಕ್ಕೆ ದುಡ್ಡು ಕೊಡುತ್ತಿದ್ದದ್ದು ಫಿಲಿಪ್ ಮಾರಿಸ್ ಸಿಗರೇಟ್ ಕಂಪನಿ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಯಾರು ದುಡ್ಡು ಕೊಟ್ಟರು ಅನ್ನುವ ಪ್ರಶ್ನೆ ನಿಮ್ಮ ಲೇಖನದಲ್ಲಿ ಒಂದು ಸಲವೂ ಬರುವುದಿಲ್ಲ. ಎಂಟನೇ ಪುಟದಲ್ಲಿ 'ಬ್ರೇಕಿಂಗ್ ನ್ಯೂಸ್ ನೋಡಲು ಜನ ಟಿವಿಗೆ ಅಂಟಿಕೊಂಡಿದ್ದರು' ಅಂತ ಇದೆ. ಇದು ನಮ್ಮ ಕಾಲದ ಕಾಯಿಲೆ, ಅವರಿಗೆ ಅಂಟಿಸಬೇಡಿ. ಆಗ ರಾಷ್ಟ್ರೀಯ ಸಂಜೆ ವಾರ್ತೆ ಹದಿನೈದೇ ನಿಮಿಷ. ಸಿಬಿಎಸ್ ಅದನ್ನು ಅರ್ಧ ಗಂಟೆ ಮಾಡಿದ್ದು 1963ರ ಸೆಪ್ಟೆಂಬರಿನಲ್ಲಿ. ಇನ್ನೊಂದು ಟಿವಿ ಕಂಪನಿ ಎನ್‌ಬಿಸಿಯ ವಾರ್ತೆಯ ಹೆಸರಿನಲ್ಲೇ ಕ್ಯಾಮೆಲ್ ಸಿಗರೇಟ್ ಇತ್ತು. ಜನರಿಗೆ ಸುದ್ದಿ ಸಿಗುತ್ತಿದ್ದದ್ದು ಜಾಸ್ತಿ ಸಂಜೆ ಪತ್ರಿಕೆಯಿಂದ. ಬೆಳಗಿನ ಪತ್ರಿಕೆಗಳಿಗಿಂತ ಸಂಜೆಯವೇ ಎಷ್ಟೋ ಪಟ್ಟು ಹೆಚ್ಚು ಇದ್ದವು. ಪಾಳಿ ಮುಗಿಸಿ ಬಂದವನು ಬೂಟು ಬಿಚ್ಚಿ ಕೂರುವ ಹೊತ್ತಿಗೆ ಸೈಕಲ್ ಹುಡುಗ ಎಸೆದು ಹೋದ ಪತ್ರಿಕೆ ಬಾಗಿಲಲ್ಲಿ ಬಿದ್ದಿರುತ್ತಿತ್ತು.

ಕ್ವಿಜ್ ಕಾರ್ಯಕ್ರಮಗಳ ಬಗ್ಗೆ 'ಜ್ಞಾನಕ್ಕೆ ಅಲ್ಲಿ ಎಷ್ಟು ಬೆಲೆ ಇತ್ತು ನೋಡಿ' ಅಂದಿದ್ದೀರಿ. ಬೆಲೆ ಇತ್ತು, ಗೆದ್ದ ಸ್ಪರ್ಧಿ ಚಾರ್ಲ್ಸ್ ವ್ಯಾನ್ ಡೋರೆನ್‌ಗೆ 1,29,000 ಡಾಲರ್. 1959ರ ನವೆಂಬರಿನಲ್ಲಿ ಅವರೇ ಸಂಸತ್ತಿನ ಸಮಿತಿಯ ಮುಂದೆ ಕೂತು, ಉತ್ತರಗಳನ್ನು ಮೊದಲೇ ಹೇಳಿಕೊಟ್ಟಿದ್ದರು ಅಂತ ಒಪ್ಪಿಕೊಂಡರು. ಈ ಪ್ಯಾರಾ ಪೂರ್ತಿ ತೆಗೆಯಿರಿ.

ಆರನೇ ಪುಟಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು. 'ದುಡಿಯುವ ಯಾರು ಬೇಕಾದರೂ ಹುಲ್ಲುಹಾಸಿನ ಸ್ವಂತ ಮನೆ ಕೊಳ್ಳಬಹುದಿತ್ತು' ಎಂದು ಲೆವಿಟ್‌ಟೌನ್‌ನ ಉದಾಹರಣೆ ಕೊಟ್ಟಿದ್ದೀರಿ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ, ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ, 1947ರಿಂದ ನಾಲ್ಕೈದು ವರ್ಷದಲ್ಲಿ 17,000ಕ್ಕೂ ಹೆಚ್ಚು ಮನೆ ಎದ್ದವು. 7,990 ಡಾಲರಿಗೆ ಒಂದು ಮನೆ. ಒಂದು ತಂಡ ಬರೀ ನೆಲ ಹಾಕುವುದು, ಇನ್ನೊಂದು ಬರೀ ಬಣ್ಣ ಬಳಿಯುವುದು, ಹೀಗೆ ಮನೆಯಿಂದ ಮನೆಗೆ ನಡೆಯುತ್ತಾ ಹೋಗುತ್ತಿದ್ದರು. 1950ರ ಮಾದರಿಯಲ್ಲಿ ಟಿವಿಯನ್ನೂ ಮನೆಯೊಳಗೇ ಕೂಡಿಸಿ ಕೊಡುತ್ತಿದ್ದರು. ಇಷ್ಟೆಲ್ಲ ನೀವೂ ಓದಿದ್ದೀರಿ, ಬರೆದಿದ್ದೀರಿ. ಮೊದಮೊದಲು ಅಲ್ಲಿನ ಮನೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು, ಆ ಕರಾರನ್ನು ಓದಲಿಲ್ಲವೇ? ಬಿಳಿಯರಲ್ಲದವರು ಅಲ್ಲಿ ವಾಸಿಸುವಂತಿಲ್ಲ, ಮನೆಕೆಲಸಕ್ಕೆ ಇರಬಹುದು ಅಂತ ಬರೆದಿತ್ತು. 1957ರಲ್ಲಿ ಪೆನ್ಸಿಲ್ವೇನಿಯಾದ ಇನ್ನೊಂದು ಲೆವಿಟ್‌ಟೌನ್‌ಗೆ ಮೊದಲ ಕಪ್ಪು ಕುಟುಂಬ ಬಂದಾಗ ಮನೆ ಮುಂದೆ ಗುಂಪು ಸೇರಿ ಕಲ್ಲು ಹೊಡೆಯಿತು. ಹಾಗಾಗಿ 'ಯಾರು ಬೇಕಾದರೂ' ಅನ್ನುವ ಎರಡು ಪದ ಸುಳ್ಳು. ಎರಡೇ ಪದ ಅಂತ ಬಿಡಲು ಆಗುವುದಿಲ್ಲ.

'ಭಾರತೀಯರಿಗೆ ಅಲ್ಲಿ ವಿಶೇಷ ಗೌರವ ಇತ್ತು' ಅನ್ನುವುದಕ್ಕೆ 1949ರ ನೆಹರೂ ಭೇಟಿಯನ್ನು ಸಾಕ್ಷಿಗೆ ತಂದಿದ್ದೀರಿ. ಪ್ರಧಾನಿಗೆ ಕೊಟ್ಟ ಗೌರವ ಪ್ರಧಾನಿಗೆ. ವಲಸೆ ಬರುವ ಭಾರತೀಯರಿಗೆ 1946ರ ಕಾನೂನು ಇಟ್ಟಿದ್ದ ಮಿತಿ ವರ್ಷಕ್ಕೆ 100 ಜನ. 1955ರ ಆಗಸ್ಟಿನಲ್ಲಿ ನಮ್ಮ ರಾಯಭಾರಿ ಜಿ.ಎಲ್. ಮೆಹ್ತಾ ಹ್ಯೂಸ್ಟನ್ ವಿಮಾನ ನಿಲ್ದಾಣದ ಹೋಟೆಲಿನಲ್ಲಿ ಊಟಕ್ಕೆ ಕೂತರೆ, ಬಿಳಿಯರಲ್ಲ ಅಂತ, ಎದ್ದು ಬೇರೆ ಕೋಣೆಗೆ ಹೋಗಿ ಅಂದರು. ಅಮೆರಿಕದ ವಿದೇಶಾಂಗ ಮಂತ್ರಿ ಡಲೆಸ್ ಆಮೇಲೆ ಕ್ಷಮೆ ಕೇಳಿದರು. ರಾಯಭಾರಿಯಾದ್ದರಿಂದ ಕ್ಷಮೆಯಾದರೂ ಸಿಕ್ಕಿತು.

ಬಯ್ದದ್ದು ಸಾಕು. ಹನ್ನೊಂದನೇ ಪುಟಕ್ಕೆ ಬರೋಣ.

ನೀವು ಒಹಾಯೋದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳಿದ್ದಾಗ ಪಕ್ಕದ ಮನೆಯ ಎಂಬತ್ತರ ಅಜ್ಜಿ ಹೇಳಿದ ಮಾತು ಅದು. 1953ರಲ್ಲಿ ಅವರಿಗೆ ಎಂಟು ವರ್ಷ. ಅವರ ಮನೆಯಲ್ಲಿ ಟಿವಿ ಇರಲಿಲ್ಲ, ಫೋನ್ ಇತ್ತು. ಫೋನ್ ಅಂದರೂ ಪೂರ್ತಿ ತಮ್ಮದಲ್ಲ. ಒಂದೇ ತಂತಿಯಲ್ಲಿ ಆರು ಮನೆ, ಪಾರ್ಟಿ ಲೈನ್. ಗಂಟೆ ಹೊಡೆಯುವ ರೀತಿಯಿಂದ ಕರೆ ಯಾರಿಗೆ ಅಂತ ತಿಳಿಯಬೇಕು. ಅವರದು ಎರಡು ಉದ್ದ, ಒಂದು ಗಿಡ್ಡ. ಬೇರೆಯವರು ಮಾತಾಡುವಾಗ ಯಾರು ಬೇಕಾದರೂ ರಿಸೀವರ್ ಎತ್ತಿ ಕೇಳಬಹುದು. ಅವರಮ್ಮ ರಾತ್ರಿ ಪಾತ್ರೆ ತೊಳೆದಾದ ಮೇಲೆ ಮೆಲ್ಲಗೆ ರಿಸೀವರ್ ಎತ್ತಿ, ಉಸಿರು ಕೇಳಿಸದಂತೆ ಬಾಯಿಯ ಕಡೆಗೆ ಅಂಗೈ ಮುಚ್ಚಿ, ಊರ ಸುದ್ದಿ ಕೇಳುತ್ತಿದ್ದರಂತೆ. 'ಆ ಸೋಮವಾರ ರಾತ್ರಿ ಅಮ್ಮ ಫೋನ್ ಎತ್ತಿದರೆ ಲೈನಿನಲ್ಲಿ ಯಾರೂ ಇರಲಿಲ್ಲ. ಸುಮಾರು ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದಳು' ಅಂದರಂತೆ ಅಜ್ಜಿ.

ಇದನ್ನು ಓದಿ ನಾನು ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀವು ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಮುಂದಿನ ವಾಕ್ಯ: 'ಹೀಗೆ ಮನರಂಜನಾ ಕ್ಷೇತ್ರದಲ್ಲಿ ಒಂದು ಕ್ರಾಂತಿಯೇ ನಡೆಯಿತು.' ಆ 'ಹೀಗೆ' ಬಂದು ಪಾಪ, ಆ ತಾಯಿಯ ಕೈಯಿಂದ ರಿಸೀವರ್ ಕಿತ್ತುಕೊಂಡು ಹೋಯಿತು.

ನಿಮ್ಮ ಹದಿನಾಲ್ಕು ಪುಟ ಹೇಳಲು ಒದ್ದಾಡುತ್ತಿರುವುದೆಲ್ಲ ಆ ಖಾಲಿ ಲೈನಿನಲ್ಲಿದೆ, ಅಲ್ವಾ? ಐದು ಮನೆಯವರು ಟಿವಿ ಮುಂದೆ. ಆರನೇ ಮನೆಯಾಕೆ ಅಡುಗೆಮನೆಯಲ್ಲಿ ಒಬ್ಬಳೇ. ಅಂಕಿಸಂಖ್ಯೆಗಳನ್ನು ಅವಳ ಸುತ್ತ ಇಡಿ, ತಾವಾಗೇ ಮಾತಾಡುತ್ತವೆ. 4 ಕೋಟಿ 40 ಲಕ್ಷ ಅಂದರೆ ಎಷ್ಟು ಅಂತ ಅವಳಿಗೆ ಆ ರಾತ್ರಿ ಕಿವಿಯಲ್ಲೇ ಗೊತ್ತಾಗಿದೆ. ಇನ್ನೊಂದು ಬೇಕಿದ್ದರೆ ಸೇರಿಸಿ: ಷಿಕಾಗೊದ ಮಾರ್ಷಲ್ ಫೀಲ್ಡ್ಸ್ ಅನ್ನುವ ದೊಡ್ಡ ಅಂಗಡಿ ಸೋಮವಾರ ರಾತ್ರಿ ತಡವಾಗಿ ತೆರೆದಿರುವುದನ್ನು ಬಿಟ್ಟು, ಅದನ್ನು ಗುರುವಾರಕ್ಕೆ ಬದಲಾಯಿಸಿತು. ಲೂಸಿ ಬರುವ ಹೊತ್ತಿಗೆ ಗಿರಾಕಿಗಳೇ ಬರುತ್ತಿರಲಿಲ್ಲ.

ಕೊನೆಯ ಎರಡು ಪುಟ, 'ನಮ್ಮಲ್ಲೂ ಹೀಗೆಯೇ ಭಾನುವಾರ ರಾಮಾಯಣ ನೋಡಲು ಪಕ್ಕದ ಮನೆಗೆ ಹೋಗುತ್ತಿದ್ದೆವು' ಅನ್ನುವ ಹೋಲಿಕೆ, ಪೂರ್ತಿ ಬಿಡಿ. ಓದುಗರಿಗೆ ಅದು ತಾನೇ ನೆನಪಾಗುತ್ತದೆ. ಫೋನ್ ಇಲ್ಲದವರು ತಮ್ಮದೆಂದು ಕೊಡುತ್ತಿದ್ದ ಪಕ್ಕದ ಮನೆಯ ಪಿ.ಪಿ. ನಂಬರ್ ಕೂಡ ನೆನಪಾಗುತ್ತದೆ. ನೀವು ಹೇಳಿಬಿಟ್ಟರೆ ಅವರ ಸುಖ ಹೋಯಿತು.

ಈಗ ಕೆಲಸ. ಅಜ್ಜಿಗೆ ಇನ್ನೊಮ್ಮೆ ಫೋನ್ ಮಾಡಿ. ಇಲ್ಲಿ ಸಂಜೆ ಏಳು ಅಂದರೆ ಅಲ್ಲಿ ಬೆಳಿಗ್ಗೆಯೇ, ಕಾಫಿ ಕುಡಿಯುತ್ತಿರುತ್ತಾರೆ. ಫೋನ್ ಯಾವ ಗೋಡೆಯಲ್ಲಿತ್ತು? ಅಪ್ಪ ಆಗ ಎಲ್ಲಿದ್ದರು, ಪಾಳಿಗೆ ಹೋಗಿದ್ದರಾ? ಮರುದಿನ ಪ್ರಮಾಣವಚನ ನೋಡಲು ಇವರು ಯಾರ ಮನೆಗಾದರೂ ಹೋದರಾ? ಮನೆಗೆ ಟಿವಿ ಬಂದದ್ದು ಯಾವಾಗ, ಬಂದ ಮೇಲೂ ಅಮ್ಮ ಫೋನ್ ಎತ್ತುತ್ತಿದ್ದರಾ? ಅವರು ನೆನಪಿಲ್ಲ ಅಂದರೆ ನೆನಪಿಲ್ಲ ಅಂತಲೇ ಬರೆಯಿರಿ, ನೀವು ತುಂಬಿಸಬೇಡಿ. ಅವರ ಹೆಸರು ಹಾಕುವ ಮೊದಲು ಒಂದು ಮಾತು ಕೇಳಿ.

ಆರು ಪುಟ ಸಾಕು. ಮುಂದಿನ ತಿಂಗಳು 20ರೊಳಗೆ ಕಳಿಸಿದರೆ ಅದರ ಮುಂದಿನ ಸಂಚಿಕೆಗೆ ನೋಡುತ್ತೇನೆ. ಹದಿಮೂರು ಪುಟ ಇದರ ಜೊತೆ ವಾಪಸ್ ಇಟ್ಟಿದ್ದೇನೆ. ಹನ್ನೊಂದನೆಯದು ನನ್ನ ಮೇಜಿನ ಮೇಲೇ ಇರಲಿ.

ಇಂತಿ,
ಸಂಪಾದಕ