ಕೇಸು ಹಾಕಲೆಂದೇ ಲಾ ಓದಿದ ಇನ್ಸ್‌ಪೆಕ್ಟರ್

ಪ್ರಶ್ನೆ: 19ನೇ ಶತಮಾನದಲ್ಲೇ ಅಮೆರಿಕದ ಒಂದು ರಾಜ್ಯದಲ್ಲಿ ಹೆಂಗಸೊಬ್ಬರು ಮುಖ್ಯ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಆಗಿದ್ದರಂತೆ. ಯಾರವರು? ನಿಜವಾದ ಅಧಿಕಾರ ಇತ್ತಾ, ಸುಮ್ನೆ ಹೆಸರಿಗಾ?

ಉತ್ತರ: ಅವರು ಫ್ಲಾರೆನ್ಸ್ ಕೆಲ್ಲಿ. ರಾಜ್ಯ ಇಲಿನಾಯ್. 1893ರಲ್ಲಿ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಕೆಲ್ಲಿಯನ್ನು ನೇಮಿಸಿದರು. ಆಗ ಅಲ್ಲಿನ ಹೆಂಗಸರಿಗೆ ಗವರ್ನರ್ ಚುನಾವಣೆಯಲ್ಲಿ ಓಟು ಹಾಕುವ ಹಕ್ಕೇ ಇರಲಿಲ್ಲ!

ಕೆಲ್ಲಿ ಹುಟ್ಟಿದ್ದು 1859ರಲ್ಲಿ, ಫಿಲಡೆಲ್ಫಿಯಾದಲ್ಲಿ. ತಂದೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯ. ಸುಮಾರು 12ನೇ ವಯಸ್ಸಿನಲ್ಲಿ ಒಂದು ರಾತ್ರಿ ತಂದೆಯ ಜೊತೆ ಗಾಜಿನ ಕಾರ್ಖಾನೆ ನೋಡಲು ಹೋದರು. ಉರಿಯುವ ಕುಲುಮೆಯ ಮುಂದೆ, ಗಾಜು ಊದುವವರ ಕಾಲ ಬಳಿ ಪುಟ್ಟ ಹುಡುಗರು ಕೂತು ಕೆಲಸ ಮಾಡುತ್ತಿದ್ದರು. ಆ ದೃಶ್ಯ ಅವರ ಮನಸ್ಸಿನಿಂದ ಹೋಗಲೇ ಇಲ್ಲ.

ಮುಂದೆ ಗಂಡನಿಂದ ದೂರವಾಗಿ, ಮೂರು ಮಕ್ಕಳನ್ನು ಕಟ್ಟಿಕೊಂಡು ಶಿಕಾಗೋಗೆ ಬಂದರು. ಬಡವರ ನಡುವೆ ಕೆಲಸ ಮಾಡುತ್ತಿದ್ದ ಹಲ್ ಹೌಸ್ ಅವರಿಗೆ ಮನೆಯಾಯಿತು. ಸುತ್ತಲಿನ ವಠಾರಗಳಲ್ಲಿ ಜನ ಮನೆಯಲ್ಲೇ ಕೂತು ಬಟ್ಟೆ ಹೊಲಿಯುತ್ತಿದ್ದರು, ಮಕ್ಕಳು ಕೂಡ. ಕೆಲ್ಲಿ ಅಲ್ಲೆಲ್ಲ ತಿರುಗಿ ಲೆಕ್ಕ ಬರೆದರು, ಕಾನೂನಿಗಾಗಿ ಓಡಾಡಿದರು. 1893ರಲ್ಲಿ ಕಾನೂನು ಬಂತು. 14ಕ್ಕಿಂತ ಕಡಿಮೆ ವಯಸ್ಸಿನವರನ್ನು ಕಾರ್ಖಾನೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಹೆಂಗಸರಿಗೆ ದಿನಕ್ಕೆ 8 ಗಂಟೆಗಿಂತ ಜಾಸ್ತಿ ದುಡಿಮೆ ಇಲ್ಲ. ಅದನ್ನು ಜಾರಿಗೆ ತರುವ ಕೆಲಸವೂ ಅವರದೇ ಆಯಿತು. ಕೈಕೆಳಗೆ ಒಬ್ಬರು ಸಹಾಯಕಿ, 10 ಡೆಪ್ಯುಟಿಗಳು.

ಹಾಗಾಗಿ ಅಧಿಕಾರ ಹೆಸರಿಗಲ್ಲ. ಆದರೆ ಅಡ್ಡಗಾಲು ಹಾಕುವವರೂ ಇದ್ದರು. 11 ವರ್ಷದ ಹುಡುಗನೊಬ್ಬ ಅಗ್ಗದ ಫೋಟೋ ಫ್ರೇಮುಗಳಿಗೆ ಚಿನ್ನದ ಬಣ್ಣ ಹಚ್ಚುತ್ತಿದ್ದ. ಆ ವಿಷದ ದ್ರವದಿಂದ ಅವನ ಬಲಗೈ ಸ್ವಾಧೀನ ತಪ್ಪಿತು. ಕೆಲ್ಲಿ ಸಾಕ್ಷಿ ಹಿಡಿದು ಹೋದರೆ ಸರ್ಕಾರಿ ವಕೀಲ ಕೇಸು ಹಾಕಲು ಒಪ್ಪಲಿಲ್ಲ. ಇದನ್ನು ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಕೆಲ್ಲಿ ಸೀದಾ ಹೋಗಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಲಾ ಕಾಲೇಜು ಸೇರಿದರು, ಪದವಿಯನ್ನೂ ಪಡೆದರು.

1895ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 8 ಗಂಟೆಯ ನಿಯಮವನ್ನು ರದ್ದು ಮಾಡಿತು. ಮಕ್ಕಳ ವಯಸ್ಸಿನ ನಿಯಮ ಉಳಿಯಿತು. 1897ರಲ್ಲಿ ಹೊಸ ಗವರ್ನರ್ ಕೆಲ್ಲಿಯನ್ನೇ ತೆಗೆದುಹಾಕಿದರು. ಅವರ ಜಾಗಕ್ಕೆ ಬಂದದ್ದು ಯಾರು ಗೊತ್ತಾ? ಆಲ್ಟನ್ ಊರಿನ ಗಾಜಿನ ಕಂಪನಿಯೊಂದರಲ್ಲಿ 27 ವರ್ಷ ಇದ್ದವರು.

ಕೆಲ್ಲಿ 1899ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಕಾರ್ಮಿಕರ ಪರವಾಗಿ ಗ್ರಾಹಕರನ್ನು ಒಗ್ಗೂಡಿಸುವ ರಾಷ್ಟ್ರೀಯ ಗ್ರಾಹಕರ ಲೀಗ್ ಎಂಬ ಸಂಘ ನಡೆಸಿದರು. 1932ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ.