ಮೋರೋವರ್ ಹಾಕಿದರೂ ಮಾರ್ಕ್ಸ್ ಯಾಕೆ ಬರಲಿಲ್ಲ?

ಪ್ರಶ್ನೆ: ಮೇಡಂ, ನಾನು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಇಂಗ್ಲೆಂಡಿಗೆ ಹೋಗಬೇಕೆಂದು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದೆ. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಬಂತು. ರೈಟಿಂಗಿನಲ್ಲಿ 6.5 ಬೇಕು, ಎರಡು ಸಲವೂ 6ಕ್ಕೇ ನಿಂತಿತು. ಕೋಚಿಂಗಿನಲ್ಲಿ ಕಲಿಸಿದ ಮೋರೋವರ್, ಫರ್ದರ್‌ಮೋರ್, ಹೌವೆವರ್ ಇಂಥ ವಾಕ್ಯ ಜೋಡಿಸುವ ಪದ ಎಲ್ಲ ಹಾಕುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ? ಮನೆಯಲ್ಲಿ ಬರೆದ ಒಂದು ಪ್ರಬಂಧ ಕಳಿಸಿದ್ದೇನೆ.
– ಓದುಗರೊಬ್ಬರು, ಸುರತ್ಕಲ್

ಉತ್ತರ: ನೈಟ್ ಡ್ಯೂಟಿ ಮುಗಿಸಿ ಬಂದು ಬರೆದದ್ದು ಅಂತ ಪ್ರಬಂಧದ ಮೇಲೆ ಸಣ್ಣಕ್ಕೆ ಬರೆದಿದ್ದೀರಿ. ಎರಡು ಸಲ ಓದಿದೆ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ. ಸ್ಪೆಲ್ಲಿಂಗ್ ಸರಿ ಇದೆ, ಹೇಳುವ ವಿಷಯವೂ ಇದೆ. ತೊಂದರೆ ಇರುವುದು ಆ ಪದಗಳಲ್ಲೇ. ಎಣಿಸಿದೆ. 14 ವಾಕ್ಯಗಳಲ್ಲಿ 11 ಇಂಥ ಪದದಿಂದಲೇ ಶುರುವಾಗುತ್ತವೆ.

ನೀವು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಓಡಾಡುವವರು, ಕಂಡಕ್ಟರ ವಿಸಿಲ್ ಗೊತ್ತಿರುತ್ತದೆ. ಒಂದು ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಡ್ರೈವರ್ ಹಿಂದೆ ತಿರುಗಿ ನೋಡುವುದಿಲ್ಲ, ಆ ವಿಸಿಲ್ ನಂಬಿಕೊಂಡೇ ಬಸ್ ಓಡಿಸುತ್ತಾನೆ. ಓದುವವರೂ ಹಾಗೆಯೇ. ಮೋರೋವರ್ ಕಂಡ ಕೂಡಲೇ, ‘ಈಗ ಹೇಳಿದ್ದಕ್ಕೆ ಇನ್ನೂ ಒಂದು ಗಟ್ಟಿ ಕಾರಣ ಬರುತ್ತದೆ’ ಅಂತ ಕಾಯುತ್ತಾರೆ. ಅಲ್ಲಿ ಬೇರೆ ಏನೋ ಬಂದರೆ ತಬ್ಬಿಬ್ಬಾಗುತ್ತಾರೆ. ಪ್ರತಿ ವಾಕ್ಯಕ್ಕೂ ವಿಸಿಲ್ ಊದಿದರೆ ಕಡೆಗೆ ಯಾವುದನ್ನೂ ನಂಬುವುದಿಲ್ಲ.

ನಿಮ್ಮ ಎರಡನೇ ಪ್ಯಾರಾ ನೋಡೋಣ. ‘ಮೆನಿ ಪೀಪಲ್ ಮೂವ್ ಟು ಸಿಟೀಸ್. ಮೋರೋವರ್, ರೆಂಟ್ಸ್ ಆರ್ ಹೈ. ಫರ್ದರ್‌ಮೋರ್, ದೇ ಲಿವ್ ಫಾರ್ ಫ್ರಮ್ ವರ್ಕ್.’ ಇದನ್ನೇ ನಿಮ್ಮ ಅಮ್ಮನಿಗೆ ಹೇಳುವಾಗ ಹೇಗೆ ಹೇಳುತ್ತೀರಿ? ‘ಪೇಟೆಗೆ ಜನ ಬಂದು ಬಂದು ಬಾಡಿಗೆ ಏರಿದೆ, ಹಾಗಾಗಿ ದೂರದಲ್ಲಿ ಮನೆ ಮಾಡಬೇಕಾಗಿದೆ’ ಅನ್ನುತ್ತೀರಿ. ಅಂದರೆ ಒಂದರಿಂದ ಇನ್ನೊಂದು ಆಗಿದೆ, ಒಂದರ ಮೇಲೆ ಇನ್ನೊಂದು ಸೇರಿದ್ದಲ್ಲ. ಮೋರೋವರ್ ಸೇರಿಸುವ ಪದ. ಇಲ್ಲಿ ಅದಕ್ಕೆ ಕೆಲಸವೇ ಇಲ್ಲ. ಹೀಗೆ ಬರೆದು ನೋಡಿ: ‘ಮೆನಿ ಪೀಪಲ್ ಮೂವ್ ಟು ಸಿಟೀಸ್. ದಿಸ್ ಪುಷಸ್ ರೆಂಟ್ಸ್ ಅಪ್, ಸೋ ದೇ ಲಿವ್ ಫಾರ್ ಫ್ರಮ್ ವರ್ಕ್.’ ‘ದಿಸ್’ ಅನ್ನುವ ಪುಟ್ಟ ಪದ ಹಿಂದಿನ ವಾಕ್ಯವನ್ನು ಪೂರ್ತಿ ಎತ್ತಿಕೊಂಡು ಮುಂದಕ್ಕೆ ತಂದಿತು. ಒಳ್ಳೆಯ ಇಂಗ್ಲಿಷ್ ಬರಹದಲ್ಲಿ ಜೋಡಣೆಯ ಕೆಲಸ ಜಾಸ್ತಿ ಮಾಡುವುದು ದಿಸ್, ದೀಸ್, ಸಚ್, ಇಟ್ ಇಂಥವೇ. ಕೋಚಿಂಗಿನ ಪದಪಟ್ಟಿಯಲ್ಲಿ ಇವನ್ನು ಯಾರೂ ಕೊಡುವುದಿಲ್ಲ ಅನ್ನುವುದು ನನಗೆ ಬಹಳ ಬೇಸರ.

ಬೇಸರಕ್ಕೆ ಕಾರಣವಿದೆ. ಉಡುಪಿಯಲ್ಲಿ ಪಾಠ ಮಾಡಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ನಾನೂ 40 ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದ್ದೇನೆ. ಹೌವೆವರ್ ಎದುರು ‘ಆದರೆ’, ಆಲ್ದೋ ಎದುರು ‘ಆದರೂ’. ಮಕ್ಕಳು ಏನು ಬರೆದರು ಗೊತ್ತಾ? ‘ಆಲ್ದೋ ಇಟ್ ರೇನ್ಡ್, ಬಟ್ ವಿ ವೆಂಟ್.’ ನಿಮ್ಮ ಮೂರನೇ ಪ್ಯಾರಾದಲ್ಲೂ ಇಂಥದ್ದೊಂದಿದೆ. ಕನ್ನಡದಲ್ಲಿ ‘ಮಳೆ ಬಂದರೂ ಆದರೆ ಹೋದೆವು’ ಅಂತ ಯಾರಾದರೂ ಹೇಳುತ್ತಾರಾ? ‘ಬಂದರೂ’ ಅಂದಮೇಲೆ ಮುಗಿಯಿತು. ಆಲ್ದೋ ಅಂದರೆ ಆ ‘ರೂ’. ಅದು ಇದ್ದಲ್ಲಿ ಬಟ್ ಬೇಡ.

ಹೌವೆವರ್ ಬೇರೆ ಜಾತಿಯ ಪದ. ಅರ್ಥ ಬಟ್‌ನದ್ದೇ ಆದರೂ, ಬಟ್‌ನ ಹಾಗೆ ಎರಡು ವಾಕ್ಯಗಳನ್ನು ಕಟ್ಟುವ ಶಕ್ತಿ ಅದಕ್ಕಿಲ್ಲ. ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಬೇಕು, ಮುಂದೆ ಕಾಮಾ. ನೀವು ನಾಲ್ಕು ಕಡೆ ಹಿಂದೆ ಬರೀ ಕಾಮಾ ಹಾಕಿದ್ದೀರಿ. ದೇರ್‌ಫೋರ್‌ಗೂ ಇದೇ ನಿಯಮ.

ಇನ್ನೊಂದು, ‘ಆನ್ ದಿ ಕಾಂಟ್ರರಿ’ ಮತ್ತು ‘ಆನ್ ದಿ ಅದರ್ ಹ್ಯಾಂಡ್’. ಇವೆರಡನ್ನೂ ಒಂದೇ ಅಂತ ಬಳಸಿದ್ದೀರಿ. ಮೀನು ಮಾರ್ಕೆಟ್ಟಿನಲ್ಲಿ ನಿಂತು ಯೋಚಿಸಿ. ‘ಅಂಜಲ್ ರೇಟು ಜಾಸ್ತಿ, ಇನ್ನೊಂದು ಕಡೆಯಿಂದ ನೋಡಿದರೆ ಮುಳ್ಳು ಕಡಿಮೆ.’ ಎರಡೂ ನಿಜ, ಎರಡೂ ಒಟ್ಟಿಗೆ ಇರಬಹುದು. ಅದು ಆನ್ ದಿ ಅದರ್ ಹ್ಯಾಂಡ್. ‘ಬಂಗುಡೆಗೆ ರುಚಿ ಇಲ್ಲ ಅನ್ನುತ್ತಾರೆ. ಇಲ್ಲವೇ ಇಲ್ಲ, ಅದರಷ್ಟು ರುಚಿ ಯಾವುದಕ್ಕಿದೆ?’ ಇಲ್ಲಿ ಮೊದಲಿನ ಮಾತನ್ನೇ ಸುಳ್ಳು ಅನ್ನುತ್ತಿದ್ದೇವೆ. ಅದು ಆನ್ ದಿ ಕಾಂಟ್ರರಿ. ಪ್ರಬಂಧದಲ್ಲಿ ಇದು ಬೇಕಾಗುವುದು ಬಹಳ ಅಪರೂಪ.

ಪರೀಕ್ಷಕರೂ ಇದನ್ನೇ ನೋಡುವುದು. ರೈಟಿಂಗಿನ ನಾಲ್ಕರಲ್ಲಿ ಒಂದು ಪಾಲು ಅಂಕ ವಿಷಯ ಜೋಡಿಸುವ ಬಗೆಗೇ ಇದೆ. 6ರ ವಿವರಣೆಯಲ್ಲಿ ಜೋಡಣೆ ಯಾಂತ್ರಿಕವಾಗಿರಬಹುದು ಅಂತ ಇದೆ. 9ಕ್ಕೆ, ಅಂದರೆ ಅತಿ ಹೆಚ್ಚಿನ ಅಂಕಕ್ಕೆ ಬಂದಾಗ, ಜೋಡಣೆ ಕಣ್ಣಿಗೆ ಬೀಳುವುದೇ ಬಹಳ ಅಪರೂಪವಾಗಿರಬೇಕು.

ನಿಮ್ಮ 11 ಪದಗಳನ್ನೂ ಪೆನ್ಸಿಲಿನಲ್ಲಿ ಹೊಡೆದುಹಾಕಿ ಜೋರಾಗಿ ಓದಿದೆ. ನಾಲಗೆ ತಡೆದದ್ದು ಮೂರೇ ಕಡೆ. ಅಲ್ಲಿ ಮಾತ್ರ ವಾಪಸ್ ಹಾಕಿದ್ದೇನೆ. ಒಂದು, ಮೂರನೇ ಪ್ಯಾರಾ ಶುರುವಿನ ಹೌವೆವರ್. ಅಲ್ಲಿ ನಿಮ್ಮ ವಾದ ನಿಜವಾಗಿ ತಿರುಗುತ್ತದೆ. ಉಳಿದೆರಡು ಫಾರ್ ಎಕ್ಸಾಂಪಲ್ ಮತ್ತು ಕೊನೆಯ ದೇರ್‌ಫೋರ್. ಮುಂದಿನ ಪ್ರಬಂಧಕ್ಕೆ ಇದನ್ನು ನೀವೇ ಮಾಡಿ. 40 ನಿಮಿಷದಲ್ಲಿ ಕೊನೆಯ ಐದು ಇದಕ್ಕೆ ಅಂತ ಇಟ್ಟುಕೊಳ್ಳಿ.

ಪ್ರಶ್ನೆ: ಬಟ್, ಆ್ಯಂಡ್ ಪದಗಳಿಂದ ವಾಕ್ಯ ಶುರು ಮಾಡಬಾರದು ಅಂತ ಮಗನ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿದ್ದಾರೆ. ಸರಿಯಾ?
– ಓದುಗರೊಬ್ಬರು, ಮಣಿಪಾಲ

ಉತ್ತರ: ವ್ಯಾಕರಣದಲ್ಲಿ ಅಂಥ ನಿಯಮ ಇಲ್ಲ. ಒಳ್ಳೆಯ ಲೇಖಕರು ಹಿಂದಿನಿಂದಲೂ ಹಾಗೆ ಬರೆದಿದ್ದಾರೆ. ಚಿಕ್ಕ ಮಕ್ಕಳು ಪ್ರತಿ ವಾಕ್ಯವನ್ನೂ ಆ್ಯಂಡ್‌ನಿಂದ ಶುರು ಮಾಡುತ್ತಾರೆ ಅಂತ ಟೀಚರ್ ತಡೆದಿರಬಹುದು, ಅದು ಅರ್ಥವಾಗುತ್ತದೆ. ಒಂದು ಪುಟಕ್ಕೆ ಒಂದೆರಡು ಸಲ ಬಂದರೆ ಏನೂ ತೊಂದರೆ ಇಲ್ಲ.